ಮಗಳ ಮನಿ ಇದ್ದರೂ ಹೋಟೆಲ್ ಯಾಕ?

ಟೋಕಿಯೊದಿಂದ ಬಂದು ಎರಡು ತಿಂಗಳಾತು. ಇನ್ನೂ ಯಾರ ಮನಿ ಕುಬಸಕ್ಕ, ಯಾರ ಮನಿ ಗೃಹಪ್ರವೇಶಕ್ಕ ಹೋದ್ರೂ ಅದ ಒಂದ ಪ್ರಶ್ನಿ. "ಅಲ್ಲವಾ, ಹೆತ್ತ ಮಗಳು ಅಲ್ಲೇ ಮನಿ ಮಾಡ್ಕೊಂಡಾಳ, ನೀವು ಹೋಗಿ ಹೋಟೆಲ್‌ನ್ಯಾಗ ಇಳಕೊಂಡ್ರಂತಲ್ಲ? ಜಗಳಾ ಗಿಗಳಾ ಏನರ..." ಅಂತ ಅರ್ಧಕ್ಕ ನಿಲ್ಲಿಸಿ ನನ್ನ ಮಾರಿ ನೋಡ್ತಾರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗಿ ಹೋತು. ಅದಕ್ಕ ಎಲ್ಲಾರಿಗೂ ಒಮ್ಮೆ ಬರದ ಬಿಡ್ತೀನಿ. ಜಗಳಾ ಆಗಿಲ್ಲರಿ. ಜಗಳಾ ಆಗಬಾರ್ದು ಅಂತನ ಹೋಟೆಲ್ ಮಾಡಿದ್ವಿ. ಇನ್ನೊಮ್ಮೆ ಹೋದ್ರೂ ಹಿಂಗ ಮಾಡಾಕಿ ನಾನು.

ಮೊದಲು ಮಗಳ ಮನಿ ಹೆಂಗೈತಿ ಹೇಳ್ತೀನಿ. ಟೋಕಿಯೊದ ಪೂರ್ವದ ಕಡೆ ಎದೊಗಾವಾ ಅಂತ ಭಾಗ, ಅದರಾಗ ನಿಶಿ-ಕಸಾಯಿ. ನಮ್ಮ ದೇಶದ ಕಂಪ್ಯೂಟರ್ ಕೆಲಸದ ಮಂದಿ ಭಾಳ ಇರೂ ಜಾಗಾ. ಸ್ಟೇಶನ್ನಿನ ಸುತ್ತ ಬ್ಯಾಳಿ, ಹಿಟ್ಟು, ಮಸಾಲಿ ಮಾರೂ ಅಂಗಡಿ ಅದಾವ. ಅಲ್ಲಿ ಖೋಲಿ ಅಳತಿ ಹೇಳೂದು ಚಾಪಿ ಲೆಕ್ಕದಾಗ. ಚಾಪಿ ಅಂದ್ರ ತತಾಮಿ, ಹೆಚ್ಚೂ ಕಡಿಮಿ 6 ಫೂಟ್ ಉದ್ದ, 3 ಫೂಟ್ ಅಗಲ. ಮಗಳ ಮನ್ಯಾಗ ಮಲಗೂ ಖೋಲಿ 6 ಚಾಪಿದು. 9 ಫೂಟ್ 12 ಫೂಟ್ ಅಂತ ತಿಳ್ಕೋರಿ. ಅದರ ಹೊರಗ ಅಡಗಿ, ಊಟ, ಕುಂಡ್ರೂದು, ಹುಡುಗನ ಆಟ ಎಲ್ಲಾ ಕೂಡಿ ಇನ್ನೊಂದು ಖೋಲಿ. ಮುಗೀತು ಮನಿ. ಅದರಾಗ ಮಗಳು, ಅಳಿಯ, ಮೂರು ವರ್ಷದ ಮೊಮ್ಮಗ. ಅಳಿಯಂದು ವಾರದಾಗ ಮೂರು ದಿನ ಮನಿಯಿಂದನ ಕೆಲಸ. ರಾತ್ರಿ ಹತ್ತರ ಮ್ಯಾಲ ಅಮೇರಿಕಾದವರ ಜೋಡಿ ಮೀಟಿಂಗ್. ಆ ಮೀಟಿಂಗ್ ಆಗೂದು ಎಲ್ಲಿ? ನಾವು ಹಾಸಿಗಿ ಹಾಸ್ಕೊಂಡು ಮಲಗಬೇಕಾಗಿದ್ದ ಅದ ಜಾಗಾದಾಗ.

ನಮ್ಮ ಮನಿಯವರ ಗೊರಕಿ ನಿಮಗೆಲ್ಲಾ ಗೊತ್ತೈತಿ. ಮದುವಿ ಮನ್ಯಾಗ ಗಂಡಸರ ಸಾಲಿನ್ಯಾಗ ಅವರ ಬಾಜೂ ಯಾರೂ ಮಲಗೂದಿಲ್ಲ. ಇನ್ನ ನಾನು, ನಸುಕಿನ್ಯಾಗ ನಾಲ್ಕಕ್ಕ ಎದ್ದು ಬಾಂಡಿ ಸಪ್ಪಳಾ ಮಾಡಾಕಿ. ಅಲ್ಲಿ ಮ್ಯಾಲಿನವರು ಕೆಮ್ಮಿದ್ರ ಕೆಳಗಿನವರಿಗೆ ಕೇಳ್ತೈತಿ. ಒಂಬತ್ತು ರಾತ್ರಿ ಹಿಂಗ ಕಳದಿದ್ರ ಅಳಿಯ ಬಾಯಿ ಬಿಟ್ಟು ಒಂದು ಮಾತು ಅಂತಿರಲಿಲ್ಲ, ಅಂಥಾ ಹುಡುಗ ಅಲ್ಲ ಅವ. ಆದ್ರ ನಾವು ವಿಮಾನ ಹತ್ತಿದ ಮ್ಯಾಲ ಗಂಡಾ ಹೆಂಡ್ತಿ ನಡುವ ಏನು ಮಾತು ಬರ್ತಿತ್ತು? ಅದನ್ನ ಯೋಚನಿ ಮಾಡಬೇಕಾದವರು ನಾವ ಅಲ್ಲೇನು? ನಾನೂ ಸೊಸಿ ಆಗಿ ಬಂದಾಕಿ. ಎರಡು ಖೋಲಿ ಮನ್ಯಾಗ ಬೀಗರು ಬಂದು ವಾರಗಟ್ಟಲೆ ಕುಂತಾಗ ಬಚ್ಚಲದಾಗ ನಿಂತು ಅತ್ತದ್ದು ನೆನಪೈತಿ ನನಗ.

ಮತ್ತೊಂದು ಮಾತು. ನಮ್ಮ ಅಜ್ಜಾರ ಕಾಲಕ್ಕ ಎಷ್ಟೋ ಮನ್ಯಾಗ ಹಿರಿಯರು ಮಗಳ ಮನಿಗೆ ಹೋದ್ರ ಒಂದು ಗುಟುಕು ನೀರು ಸೈತ ಕುಡೀತಿರಲಿಲ್ಲ. ಅದು ಮರ್ಯಾದಿ ಅನಸ್ಕೊಂತು. ಈಗ ಮಗಳ ಮನ್ಯಾಗ ಮಲಗದಿದ್ರ ಮರ್ಯಾದಿ ಹೋತು ಅಂತಾರ. ಮಂದಿ ಬಾಯಿಗೆ ಯಾವ ಕಾಲಕ್ಕೂ ಒಂದು ಮಾತು ಬೇಕು, ಇರಲಿ.

ಖರೇ ತ್ರಾಸು ಆದದ್ದು ಮಂದಿ ಮಾತಿಂದ ಅಲ್ಲ, ಮಗಳಿಂದ. ಹೋಟೆಲ್ ನೋಡು ಅಂತ ನಾ ಅಂದ ಕೂಡಲೆ ಫೋನಿನ್ಯಾಗ ಸುಮ್ಮನಾದ್ಲು. ಆಮ್ಯಾಲ, "ಅವ್ವಾ, ನಮ್ಮನಿ ಸಣ್ಣದು ಅಂತ ನಿನಗ ನಾಚಿಕಿ ಏನು?" ಅಂದ್ಲು. ಎದಿ ಧಸಕ್ಕಂತು. ನಾ ಏನು ಅನ್ನಬೇಕು? "ನಿನ್ನ ಮನಿ ಸಣ್ಣದಿಲ್ಲವಾ, ನಿಮ್ಮಪ್ಪನ ಗೊರಕಿ ದೊಡ್ಡದು" ಅಂದೆ. ನಗಲಿಲ್ಲ. ಎರಡು ದಿನ ಫೋನ್ ಮಾಡಲಿಲ್ಲ. ಮೂರನೇ ದಿನ ಆಕಿನ ಮನಿ ಹತ್ರದ ಹೋಟೆಲ್ ಒಂದು ನಾಕು ಹುಡುಕಿ ಕಳಸಿದ್ಲು, ಕೆಳಗ ಒಂದು ಮಾತೂ ಬರೀಲಾರದ.

ಅಲ್ಲಿಂದ ಸುರು ಆತು ನೋಡ್ರಿ ನನ್ನ ಅಭ್ಯಾಸ. ಪಿಯುಸಿಗೂ ನಾ ಇಷ್ಟು ಓದಿರಲಿಲ್ಲ.

ಮೊದಲು ತಾರೀಖು. ಸಕುರಾ ಹೂವು ನೋಡಾಕ ಬಾ ಅಂತ ಎಲ್ಲಾರೂ ಹೇಳ್ತಾರ. ಮಾರ್ಚ್ ಕಡೀ ವಾರ, ಏಪ್ರಿಲ್ ಮೊದಲ ವಾರ. ಆವಾಗ ಅದ ಖೋಲಿ ಅದ ಹಾಸಿಗಿಗೆ ದರ ಆಕಾಶಕ್ಕ. ಅದು ಮುಗದ್ರ ಏಪ್ರಿಲ್ 29ರಿಂದ ಮೇ 5ರ ತನಕ ಅವರಿಗೆ ಸಾಲು ಸಾಲು ರಜಾ, ಗೋಲ್ಡನ್ ವೀಕ್ ಅಂತಾರ. ಆವಾಗ ಜಪಾನಿನವರ ತಿರುಗಾಡ್ತಾರ. ಆಗಸ್ಟ್ ನಡುವ ಅವರ ಹಿರಿಯರ ಹಬ್ಬ, ಡಿಸೆಂಬರ್ ಕಡಿಗೆ ಹೊಸ ವರ್ಷ. ಇವೆಲ್ಲಾ ಬಿಟ್ಟು ನಾವು ಮೇ ನಡುವಿಂದು ಹಿಡದ್ವಿ. ಅದರಾಗೂ ಶನಿವಾರ ರಾತ್ರಿ ತುಟ್ಟಿ, ರವಿವಾರ ಸೋವಿ. ನಮ್ಮ ಕಡೆ ಸಂತಿ ದಿನ ಕಾಯಿಪಲ್ಲೆ ಸೋವಿ ಇದ್ದಂಗ ಉಲ್ಟಾ. ವೀಸಾ ಅರ್ಜಿಯೊಳಗ ಯಾವ ದಿನ ಎಲ್ಲಿ ಇರ್ತೀರಿ ಅಂತ ಬರಕೊಡಬೇಕಾಗ್ತೈತಿ, ಅದಕ್ಕ ಮೊದಲ ಗೊತ್ತು ಮಾಡಬೇಕು. ರೊಕ್ಕ ಕಳಕೊಳ್ಳಲಾರದ ರದ್ದು ಮಾಡಾಕ ಬರೂವಂಥಾದ್ದನ್ನ ಹಿಡೀರಿ. ನೂರು ಇನ್ನೂರು ಹೆಚ್ಚಿಗೆ ಆದ್ರೂ ಅದ ಲೇಸು.

ಯಾಕ ಹೇಳ್ತೀನಿ ಅಂದ್ರ, ಮೊದಲ ಸಲ ನಮ್ಮ ಮನಿಯವರ ತಾವ ಮೊಬೈಲಿನ್ಯಾಗ ಬುಕ್ ಮಾಡಿದ್ರು. "ಏ, ಅರ್ಧಾ ರೇಟಿಗೆ ಸಿಕ್ತು" ಅಂತ ಮೀಸಿ ತಿರುವಿದ್ರು. ನಾ ಚಷ್ಮಾ ಹಾಕ್ಕೊಂಡು ನೋಡಿದ್ರ ಸೆಮಿ ಡಬಲ್. ಸೆಮಿ ಡಬಲ್ ಅಂದ್ರ ಒಂದ ಹಾಸಿಗಿ, ನಾಕು ಫೂಟ್ ಅಗಲ. ಒಂದೂವರಿ ಮನಶಾಗೆ ಆಗೂವಂಥಾದ್ದು. ಹೊಸದಾಗಿ ಮದುವಿ ಆದವರಿಗೆ ಸರಿ ಹೋದೀತು, ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಲ್ಲ. ಮ್ಯಾಲ ಸಿಗರೇಟ್ ಸೇದೂ ಖೋಲಿ ಅಂತ ಸಣ್ಣ ಅಕ್ಷರದಾಗ ಬರದಿತ್ತು. ಅಲ್ಲಿ ಇನ್ನೂ ಸೇದೂವವರಿಗೆ ಬ್ಯಾರೆ ಖೋಲಿ ಇಟ್ಟಿರ್ತಾರ, ಪರದೆ ಗಾದಿ ಎಲ್ಲಾ ನಾತಾ ಹಿಡದಿರ್ತೈತಿ. ಇನ್ನೊಂದು ಕಳ್ಳ ಲೆಕ್ಕ ಐತಿ. ಅಲ್ಲಿ ಭಾಳ ಕಡೆ ದರ ತಲಿಗೆ ಇಷ್ಟು ಅಂತ, ಖೋಲಿಗೆ ಇಷ್ಟು ಅಂತ ಅಲ್ಲ. ಇವರು ಒಬ್ಬರ ಅಂತ ಒತ್ತಿದ್ರು. ಹೋಗಿ ಇಬ್ಬರು ನಿಂತ್ರ ಒಳಗ ಬಿಡ್ತಿರಲಿಲ್ಲ. ಪುಣ್ಯಾಕ ರದ್ದು ಮಾಡಾಕ ಬಂತು.

ನಾ ಹೇಳೂದು, ಟ್ವಿನ್ ಅಂತ ಬರದದ್ದನ್ನ ಹಿಡೀರಿ. ಎರಡು ಬ್ಯಾರೆ ಬ್ಯಾರೆ ಕಾಟು. ಮತ್ತ ಖೋಲಿ ಎಷ್ಟು ಚದರ ಮೀಟರ್ ಅಂತ ಎಲ್ಲಾರೂ ಬರದಿರ್ತಾರ, ಅದನ್ನ 11ರಿಂದ ಗುಣಿಸಿದ್ರ ಹೆಚ್ಚೂ ಕಡಿಮಿ ನಮ್ಮ ಚದರ ಫೂಟ್ ಆತು. 12 ಮೀಟರ್ ಅಂದ್ರ 130 ಫೂಟ್, ಬಚ್ಚಲಾ ಸೈತ ಅದರಾಗ. ಎರಡು ದೊಡ್ಡ ಬ್ಯಾಗು ಒಮ್ಮೆಲೆ ತೆರಿಯಾಕ ಬರೂದಿಲ್ಲ. ಒಬ್ಬರು ಬ್ಯಾಗು ತೆರದ್ರ ಇನ್ನೊಬ್ಬರು ಕಾಟಿನ ಮ್ಯಾಲ ಕಾಲ ಮಡಚಿ ಕುಂಡ್ರಬೇಕು. ನಮಗ 16 ಮೀಟರಿಂದು ಸಿಕ್ತು, ರಾತ್ರಿಗೆ ಇಬ್ಬರಿಗೂ ಕೂಡಿ 11,000 ಯೆನ್. ಆವಾಗ ಯೆನ್ನಿಗೆ 60 ಪೈಸೆದ ಒಳಗಿತ್ತು, ಅಂದ್ರ ಆರು ಸಾವಿರದ ಮ್ಯಾಲ ಚೂರು. ತಲಿಗೆ 10,000 ಯೆನ್ ಒಳಗಿದ್ದದ್ದಕ್ಕ ಟೋಕಿಯೊದವರ ವಸತಿ ತೆರಿಗಿ ಬೀಳಲಿಲ್ಲ.

ಒಂಬತ್ತು ರಾತ್ರಿಗೆ ಐವತ್ತಾರು ಸಾವಿರದ ಸುತ್ತ. ಈ ರೊಕ್ಕ ಎಲ್ಲಿಂದ ಬಂತು ಅಂತ ನಮ್ಮ ನೆಗೆಣ್ಣಿ ಸಿಟ್ಟಿಲೆ ಕೇಳಿದ್ಲು. ಭಿಶಿ ರೊಕ್ಕ ವೈನಿ, ನಿಮ್ಮ ಜೋಡಿನ ಹಾಕಿದ್ದು. ನೀವು ನಿಮ್ಮ ಪಾಳೆಕ್ಕ ಫ್ರಿಜ್ ತಗೊಂಡ್ರಿ, ನಾ ಇದನ್ನ ತಗೊಂಡೆ.

ಇದಕ್ಕಿಂತ ಸೋವಿ ಇರಲಿಲ್ಲೇನು ಅಂದ್ರ ಇತ್ತು. ಮಿನಾಮಿ-ಸೆಂಜು ಅಂತ ಕಡೆ, ಮೊದಲು ದಿನಗೂಲಿ ಮಂದಿ ಇಳಕೊಳ್ಳೂ ವಸತಿಗಳು, ಮೂರು ಚಾಪಿ ಅಗಲದ ಖೋಲಿ, ಬಚ್ಚಲಾ ಎಲ್ಲಾರಿಗೂ ಕೂಡಿ. ಒಂಟಿ ಹುಡುಗರು ಈಗ ಅಲ್ಲಿ ಇಳಕೋತಾರಂತ. ಕ್ಯಾಪ್ಸೂಲ್ ಹೋಟೆಲ್ ಅಂತ ಐತಿ, 1979ರಾಗ ಒಸಾಕಾದಾಗ ಮೊದಲು ಸುರು ಆದದ್ದು. ಪೆಟಗಿಯೊಳಗ ಹೊಕ್ಕೊಂಡು ಮಲಗೂದು, ಗಂಡಸರು ಹೆಂಗಸರು ಬ್ಯಾರೆ ಬ್ಯಾರೆ ಕಡೆ. ಮೊಣಕಾಲು ಹಿಡದವರು ಅದರಾಗ ಹತ್ತಿ ಇಳಿಯಾಕ ಆಗ್ತೈತೇನು? ಬಿಟ್ಟೆ.

ಇನ್ನೊಂದು ಒಳ್ಳೇ ಹೋಟೆಲ್ ಖೋಲಿ 9,500ಕ್ಕ ಇತ್ತು, ಟೋಕಿಯೊದ ಇನ್ನೊಂದು ತುದಿಗೆ. ದಿನಕ್ಕ 1,500 ಯೆನ್ ಉಳೀತೈತಿ ಅಂತ ನಮ್ಮ ಮನಿಯವರ ಹಟಾ. ಕುಂಡ್ರಿಸಿಕೊಂಡು ಲೆಕ್ಕ ತೋರಿಸಿದೆ. ಅಲ್ಲಿ ರೈಲು ಒಂದ ಕಂಪನಿದಲ್ಲ. ಜೆಆರ್ ಬ್ಯಾರೆ, ಮೆಟ್ರೊ ಬ್ಯಾರೆ, ಅದರಾಗೂ ಎರಡು ನಮೂನಿ ಮೆಟ್ರೊ. ಒಂದು ಬಿಟ್ಟು ಇನ್ನೊಂದು ಹತ್ತಿದ್ರ ಮತ್ತ ಹೊಸಾ ಟಿಕೇಟು. ಅಲ್ಲಿಂದ ಮಗಳ ಮನಿಗೆ ಬರಾಕ ಒಬ್ಬರಿಗೆ ಹೆಚ್ಚೂ ಕಡಿಮಿ 400. ಇಬ್ಬರು ಹೋಗಿ ಬಂದ್ರ 1,600. ಉಳಿಸಿದ್ದು ಎಲ್ಲಿ ಹೋತು? ಮ್ಯಾಲ ದಿನಾ ಎರಡು ತಾಸು ಬಾಗಲಾ ಹಿಡಕೊಂಡು ನಿಂದ್ರೂದು. ಮಗಳ ಮನಿ ಮುಂದಿನ ತೋಜಾಯಿ ಲೈನ್ ಮುಂಜಾನೆ ಎಷ್ಟು ತುಂಬಿರ್ತೈತಿ ಅಂದ್ರ ಯಲ್ಲಮ್ಮನ ಗುಡ್ಡದ ಜಾತ್ರಿ ಬಸ್ಸು ಹತ್ತಿದಂಗ. ಮೊಮ್ಮಗನ್ನ ನೋಡಾಕ ಹೋದವರು ಗಾಡ್ಯಾಗ ದಿನಾ ಕಳದ್ರ ಏನು ಉಪಯೋಗ?

ಹೋಟೆಲ್‌ನವರು "ಸ್ಟೇಶನ್ನಿಂದ ಐದು ನಿಮಿಷ" ಅಂತ ಬರದಿರ್ತಾರಲ್ಲ, ಅದರ ಗುಟ್ಟು ಅಳಿಯ ಹೇಳಿದ. ಅಲ್ಲಿ ಮನಿ ಜಾಹೀರಾತಿನ್ಯಾಗ ಒಂದು ನಿಮಿಷ ಅಂದ್ರ 80 ಮೀಟರ್ ಅಂತ ಲೆಕ್ಕ ಕಟ್ಟಿರ್ತಾರ. ಸಿಗ್ನಲ್ಲಿಗೆ ನಿಂತದ್ದು ಅದರಾಗ ಇಲ್ಲ. ನಮ್ಮ ಕಾಲಿಗೆ ಐದು ಅಂದ್ರ ಹತ್ತು ಅಂತ ಹಿಡಕೋರಿ. ಲಿಫ್ಟ್ ಯಾವ ಬಾಗಲಾ ಕಡೆ ಐತಿ ಅದನ್ನ ಮೊದಲ ಕೇಳಿ ಇಟ್ಕೋರಿ. ಸ್ಟೇಶನ್ನಿಗೆ ಹತ್ತು ಬಾಗಲಾ ಇದ್ರ ಲಿಫ್ಟ್ ಒಂದಕ್ಕೋ ಎರಡಕ್ಕೋ ಇರ್ತೈತಿ. ನಾವು ಮೊದಲನೇ ದಿನ ಗೊತ್ತಾಗದ ಬ್ಯಾಗು ಹೊತ್ತು ಮೆಟ್ಟಲಾ ಹತ್ತಿ, ಮ್ಯಾಲ ಬಂದು ನೋಡಿದ್ರ ಎದುರಿಗೆ ಲಿಫ್ಟಿನಿಂದ ಒಬ್ಬ ಮುದುಕಿ ಆರಾಮಾಗಿ ಹೊರಗ ಬಂದ್ಲು.

ಈ ಹೋಟೆಲ್ ಹುಡುಕೂ ಕೆಲಸಾ ಗಂಡಸರ ಕೈಯಾಗ ಕೊಡಬ್ಯಾಡ್ರಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಅವರು ದರ ನೋಡ್ತಾರ, ಫೋಟೊ ನೋಡ್ತಾರ. ಅರಬಿ ಎಲ್ಲಿ ಒಗಿಯೂದು ಅಂತ ಒಬ್ಬ ಗಂಡಸರ ಕೇಳ್ಯಾನೇನು? ನಾ ಮೊದಲ ಕೇಳಿದ್ದು ಅದನ್ನ. ನಾವು ಇದ್ದಲ್ಲಿ ರೊಕ್ಕ ಹಾಕಿ ಒಗಿಯೂ ಮಶೀನು ಇತ್ತು. ಒಗಿಯಾಕ 300 ಯೆನ್, ಒಣಗಸಾಕ ಅರ್ಧಾ ತಾಸಿಗೆ 100. ಅದಕ್ಕ ನಾಕು ಜೋಡಿ ಅರಬಿ ಅಷ್ಟ ಒಯ್ದು, ಉಳದ ಬ್ಯಾಗಿನ್ಯಾಗ ಮಗಳಿಗೆ ಬೇಕಾದದ್ದು ತುಂಬಿದೆ. ಇಳಕಲ್ ಸೀರಿ ಆ ಒಣಗಸೂ ಮಶೀನಿಗೆ ಹಾಕಬ್ಯಾಡ್ರಿ, ಹತ್ತೀದು ಆತು, ಅಂಗೈಯಷ್ಟು ಆಗಿ ಬರ್ತೈತಿ. ರಾತ್ರಿ ಹಾಕ್ಕೊಳ್ಳೂ ಅಂಗಿ, ಟವೆಲ್, ಚಪ್ಪಲಿ, ಹಲ್ಲಿನ ಬ್ರಶ್ ಎಲ್ಲಾ ಅವರ ಕೊಡ್ತಾರ. ನಮ್ಮ ಮನಿಯವರು ಆ ಉದ್ದನ ಅಂಗಿ ಮ್ಯಾಲನ ಕೆಳಗ ಚಾ ಕುಡಿಯಾಕ ಹೋಗಿದ್ರು. ಲಿಫ್ಟಿನ್ಯಾಗ ಹಂಗ ಬರಬ್ಯಾಡ್ರಿ ಅಂತ ಚಿತ್ರಾ ಬರದು ಹಚ್ಚಿತ್ತು, ಇವರು ಅದನ್ನ ಅಂಗಡಿ ಜಾಹೀರಾತು ಅಂತ ತಿಳದಿದ್ರು.

ಪಾಯಖಾನೆ ಬಗ್ಗೆ ಎಲ್ಲಾರಿಗೂ ಚಿಂತಿ ಇರ್ತೈತಿ, ಪರದೇಶದಾಗ ಕಾಗದಾ ಅಂತ. ಜಪಾನಿನ್ಯಾಗ ಆ ಚಿಂತಿ ಬ್ಯಾಡ. ಗುಂಡಿ ಒತ್ತಿದ್ರ ನೀರು ತಾನ ಬರ್ತೈತಿ, ಅದೂ ಬೆಚ್ಚಗಿನ ನೀರು. ಕುಂಡ್ರೂ ಜಾಗಾನೂ ಬೆಚ್ಚಗ. ಬಚ್ಚಲಾ ಮಾತ್ರ ಸಣ್ಣದು, ಒಂದು ಅಚ್ಚಿನ್ಯಾಗ ಎರಕಾ ಹೊಯ್ದಂಗ. ತೊಟ್ಟಿ ಅಂಚು ಎತ್ತರ, ದಾಟೂವಾಗ ಗ್ವಾಡಿ ಹಿಡಕೋರಿ.

ಊಟದ್ದು ಹೇಳಲಾರದಿದ್ರ ನೀವು ಬಿಡೂದಿಲ್ಲ. ಬೆಳಿಗ್ಗೆ ನಾಷ್ಟಾ ಸೇರಿಸಿ ಕೊಡೂ ಹೋಟೆಲ್ ಭಾಳ ಅದಾವ. ತೊಯೊಕೊ ಇನ್ ಅಂತ ಒಂದೈತಿ, 1986ರಾಗ ಟೋಕಿಯೊದ ಕಮಾತಾದಾಗ ಸುರು ಆದದ್ದು, ಈಗ ಊರ ತುಂಬ ಅದಾವ. ಅದರ ಮ್ಯಾನೇಜರ್ ಹೆಚ್ಚಿನವರು ಹೆಣ್ಮಕ್ಕಳ ಅಂತ, ಅದನ್ನ ಕೇಳಿ ನನಗ ಅಲ್ಲೇ ಇಳಕೊಳ್ಳೂ ಮನಸಿತ್ತು. ನಮ್ಮ ದಿನಾಕ್ಕ ಎರಡು ಕಾಟಿನ ಖೋಲಿ ಸಿಗಲಿಲ್ಲ. ನಮ್ಮಂಥಾ ಶಾಖಾಹಾರಿಗಳಿಗೆ ನಾಷ್ಟಾ ಅಂದ್ರ ಬರೇ ಅನ್ನ, ಬ್ರೆಡ್ಡು, ಹಣ್ಣು. ಮಿಸೊ ಸಾರು ನೋಡಾಕ ನಮ್ಮ ಕಟ್ಟಿನ ಸಾರಿನಂಗ ಇರ್ತೈತಿ, ಆದ್ರ ಒಳಗ ಮೀನಿನ ತಿಳಿ ಹಾಕಿರ್ತಾರ. ಕಣ್ಣಿಗೆ ಕಾಣಸೂದಿಲ್ಲ. ಅದಕ್ಕ ನಾವು ನಾಷ್ಟಾ ಇಲ್ಲದ ದರಾ ಹಿಡದು, ಆ ರೊಕ್ಕ ಉಳಿಸಿದ್ವಿ. ಖೋಲಿಯೊಳಗ ನೀರು ಕಾಸೂ ಕಿಟ್ಲಿ ಇರ್ತೈತಿ. ತೆಳ್ಳನ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಇದ್ರ ಮುಂಜಾನಿದು ಮುಗೀತು. ಮಧ್ಯಾಹ್ನ, ರಾತ್ರಿ ಮಗಳ ಮನಿ. ಇಲ್ಲಿಂದ ನೀರು ಕಾಸೂ ರಾಡು, ಸಣ್ಣ ಕರೆಂಟಿನ ಕುಕ್ಕರು ಒಯ್ಯಬ್ಯಾಡ್ರಿ. ಅಲ್ಲಿ ಕರೆಂಟು 100 ವೋಲ್ಟು, ನಮ್ಮ ಸಾಮಾನು ಬಿಸಿ ಆಗೂದಿಲ್ಲ. ಮ್ಯಾಲ ಖೋಲಿಯೊಳಗ ಅಡಗಿ ಮಾಡೂವಂಗಿಲ್ಲ. ಮೊಬೈಲ್ ಚಾರ್ಜರ್ ನಡೀತೈತಿ, ಎರಡು ಚಪ್ಪಟಿ ಕಡ್ಡಿದ ಪಿನ್ನು ಬೇಕು. ಹಸಿ ಕರಿಬೇವು, ಹಣ್ಣು ಕಾಗದಪತ್ರ ಇಲ್ಲದ ಒಳಗ ಬಿಡೂದಿಲ್ಲ. ಮೇ ತಿಂಗಳು, ಧಾರವಾಡದಾಗ ಆಪೂಸ್ ರಾಶಿ ಬಿದ್ದಿತ್ತು, ಒಂದು ಹಣ್ಣು ಮಗಳಿಗೆ ಒಯ್ಯಾಕ ಆಗಲಿಲ್ಲ. ಆ ಸಂಕಟ ಹೋಟೆಲ್ ಸಂಕಟಕ್ಕಿಂತ ದೊಡ್ಡದು ನನಗ.

ಖೋಲಿ ಕೊಡೂದು ಮಧ್ಯಾಹ್ನ ಮೂರಕ್ಕ, ಬಿಡೂದು ಮುಂಜಾನೆ ಹತ್ತಕ್ಕ. ಒಂದು ನಿಮಿಷ ಮೊದಲು ಕೇಳಿದ್ರೂ ನಕ್ಕೋತ ಬಗ್ಗಿ ಇಲ್ಲ ಅಂತಾರ. ಆದ್ರ ಬ್ಯಾಗು ಮೊದಲ ಇಟ್ಕೋತಾರ, ರೊಕ್ಕ ಕೇಳೂದಿಲ್ಲ.

ಹಿಂಗ ದಿನಾ ಮುಂಜಾನೆ ಅವಲಕ್ಕಿ ತಿಂದು, ಹತ್ತು ನಿಮಿಷ ನಡದು ಮಗಳ ಮನಿಗೆ ಹೋಗೂದು. ರೊಟ್ಟಿ ಬಡದು, ಮೊಮ್ಮಗನ್ನ ಆಡಿಸಿ, ರಾತ್ರಿ ಒಂಬತ್ತಕ್ಕ ವಾಪಸು. ಅಳಿಯ ಮೀಟಿಂಗ್ ಸುರು ಮಾಡೂದ್ರಾಗ ನಾವು ಹೊರಗ. ಮೊದಲ ಮೂರು ದಿನ ಮಗಳು ಬಾಗಲದಾಗ ನಿಂತು ಸಪ್ಪ ಮಾರಿ ಮಾಡ್ತಿದ್ಲು. ನಾಕನೇ ದಿನ ಅಳಿಯ ತಾನ ಅಂದ, "ಅತ್ತಿ, ನೀವು ಇಲ್ಲೇ ಇಳಕೊಂಡಿದ್ರ ನಾ ಒಂದು ವಾರ ರಜಾ ಹಾಕೂ ಯೋಚನಿ ಮಾಡಿದ್ದೆ, ಮೀಟಿಂಗಿಗೆ ಜಾಗಾ ಇಲ್ಲ ಅಂತ. ಅದು ಉಳೀತು, ಅದನ್ನ ದೀಪಾವಳಿಗೆ ಊರಿಗೆ ಬರಾಕ ಇಟ್ಕೋತೀನಿ." ಅದನ್ನ ಕೇಳಿ ಮಗಳು ನನ್ನ ಕಡೆ ನೋಡಿದ್ಲು, ಏನೂ ಅನಲಿಲ್ಲ.

ಏಳನೇ ದಿನ ಸಂಜೀಕ ನಮ್ಮ ಮನಿಯವರಿಗೆ ಒಂದು ಯೋಚನಿ ಬಂತು. ಅವರ ತಲ್ಯಾಗ ವರ್ಷಕ್ಕೊಂದು ಒಳ್ಳೇದು ಬರ್ತೈತಿ, ಅದು ಇದು. "ಇವತ್ತ ನಾ ಇಲ್ಲೇ ಮೊಮ್ಮಗನ ಬಾಜೂ ಮಲಗ್ತೀನಿ. ಅಳಿಯಗ ನಾಳೆ ರಜಾ ಐತಿ, ಮೀಟಿಂಗ್ ಇಲ್ಲ. ನೀವು ತಾಯಿ ಮಗಳು ಹೋಟೆಲಿಗೆ ಹೋಗ್ರಿ" ಅಂದ್ರು. ಹಂಗ ಸುಮ್ಮನ ಒಬ್ಬರ ಬದಲಿ ಒಬ್ಬರು ಮಲಗೂವಂಗಿಲ್ಲ ಅಲ್ಲಿ. ಹೆಸರು ಬರಸಲಾರದವರನ್ನ ಖೋಲಿಗೆ ಕರಕೊಂಡು ಹೋಗೂದು ತಪ್ಪು. ಮಗಳು ಮೊದಲ ಫೋನ್ ಹಚ್ಚಿ ಕೇಳಿದ್ಲು. ಆಮ್ಯಾಲ ಹೋಗಿ ತನ್ನ ಹೆಸರು, ಟೋಕಿಯೊ ಮನಿ ವಿಳಾಸಾ ಬರದ್ಲು. ಕೌಂಟರಿನ ಹುಡುಗಿ ವಿಳಾಸಾ ನೋಡಿ, ಇಷ್ಟು ಹತ್ರ ಇದ್ದೂ ಇಲ್ಲಿ ಯಾಕ ಅನ್ನೂವಂಗ ಒಂದು ಕ್ಷಣ ತಲಿ ಎತ್ತಿದ್ಲು. ಮಗಳು ಜಪಾನಿ ಭಾಷಾದಾಗ ಏನೋ ಅಂದ್ಲು. ಆ ಹುಡುಗಿ ನನ್ನ ಕಡೆ ನೋಡಿ ನಕ್ಕು ಬಗ್ಗಿದ್ಲು. ಏನಂದಿ ಅಂತ ಕೇಳಿದ್ರ, "ನಮ್ಮವ್ವ ಅಂತ ಅಂದೆ, ಅಷ್ಟ" ಅಂದ್ಲು.

ಆ ರಾತ್ರಿ ಎರಡು ಕಾಟಿನ ನಡುವ ಒಂದು ಮೊಳ ಜಾಗಾ. ಆಕಿ ಆ ಕಡೆ, ನಾ ಈ ಕಡೆ. ದೀಪಾ ಆರಿಸಿದ ಮ್ಯಾಲ ಮಾತು ಸುರು ಆತು. ಹೆರಿಗಿ ಆಗಿ ನಾ ವಾಪಸು ಬಂದ ಮ್ಯಾಲ ಒಬ್ಬಾಕಿನ ಎಷ್ಟು ಅತ್ತಿದ್ಲು ಅನ್ನೂದು, ಅತ್ತಿಮನಿಯವರ ಮಾತು, ಮುಂದ ಕೆಲಸಕ್ಕ ಹೋಗಬೇಕೋ ಬ್ಯಾಡೋ ಅನ್ನೂದು. ಆ ಆರು ಚಾಪಿ ಮನ್ಯಾಗ, ಗಂಡನ ಮುಂದ, ಅಪ್ಪನ ಮುಂದ, ಇವನ್ನೆಲ್ಲಾ ಯಾವಾಗ ಮಾತಾಡ್ತಿದ್ಲು ಆಕಿ? ಎಷ್ಟು ಹೊತ್ತಾತೋ. ನಡುವ ಒಮ್ಮೆ ಎದ್ದು ಕಿಟ್ಲಿಯೊಳಗ ನೀರು ಕಾಸಿ ಅವಲಕ್ಕಿಗೆ ಹಾಕಿ, ಇಬ್ಬರೂ ಹೋಟೆಲ್ ಅಂಗಿ ಹಾಕ್ಕೊಂಡು ಕಾಟಿನ ಮ್ಯಾಲ ಕುಂತು ತಿಂದ್ವಿ. "ಅವ್ವಾ, ಮುಂದಿನ ಸಲನೂ ಇಲ್ಲೇ ಇಳಕೋ" ಅಂದ್ಲು.

ಮುಂಜಾನೆ ಏಳಕ್ಕ ಫೋನ್ ಬಂತು. ಮೊಮ್ಮಗ ರಾತ್ರಿ ಅಜ್ಜನ ಧೋತರದ ಮ್ಯಾಲ ಉಚ್ಚಿ ಹೊಯ್ದಿದ್ನಂತ. ಒಗಿಯೂ ಮಶೀನಿಗೆ 300 ಯೆನ್ ಚಿಲ್ಲರ ಐತೇನು ನೋಡು ಅಂತ.